ನಾಲ್ಕನೇ ಜ್ವರದ ದಿನದ ರೆಕಾರ್ಡಿಂಗ್

ಹೋದ ತಿಂಗಳು ವಕ್ಕಲೇರಿ ಕಡೆ ಒಂದು ಗೃಹಪ್ರವೇಶಕ್ಕೆ ಸ್ಪೀಕರ್ ಕಟ್ಟಿಸಲು ಹೋಗಿದ್ದೆ. ವಯಸ್ಸಾದ ಮೇಲೆ ಏಣಿ ಹತ್ತುವುದನ್ನು ಬಿಟ್ಟಿದ್ದೇನೆ. ಕೆಳಗೆ ನಿಂತು ಇನ್ನೊಂಚೂರು ಮೇಲೆ, ಇನ್ನೊಂಚೂರು ಕೆಳಗೆ ಎನ್ನುವುದಷ್ಟೇ ಈಗ ನನ್ನ ಕೆಲಸ. ಹಾಗೆ ನಿಂತಿದ್ದಾಗ ಪಕ್ಕದ ಮನೆಯಿಂದ ಒಂದು ವಾಸನೆ ಬಂತು. ಹೆಚ್ಚಿದ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ಅದರ ಜೊತೆಗೆ ಸುಣ್ಣದ ಪುಡಿ, ಅದರ ಹಿಂದೆಯೇ ರೇಷ್ಮೆಹುಳುವಿನ ಹಿಕ್ಕೆಯ ಒಂದು ತರಹದ ಹುಳಿ ಘಾಟು. ಅಭ್ಯಾಸವಿಲ್ಲದವರು ಮೂಗು ಮುಚ್ಚಿಕೊಳ್ಳುತ್ತಾರೆ. ನಾನು ಉಸಿರು ಎಳೆದುಕೊಂಡು ನಿಂತುಬಿಟ್ಟೆ. ಏಣಿ ಮೇಲಿದ್ದವನು "ಸಾಕಾ ಸಾರ್, ಸಾಕಾ?" ಎಂದು ಎರಡು ಸಲ ಕೂಗಿದನಂತೆ. ನನಗೆ ಕೇಳಿಸಲಿಲ್ಲ. ನಾನು ಆಗ ಶ್ರೀನಿವಾಸಪುರದಲ್ಲಿ, ದೊಡ್ಡಮ್ಮನ ಪಡಸಾಲೆಯಲ್ಲಿದ್ದೆ…

ದೊಡ್ಡಮ್ಮ ಎಂದರೆ ನನಗೆ ರಕ್ತಸಂಬಂಧವೇನೂ ಅಲ್ಲ. ಊರಾಚೆ, ಮಾವಿನ ತೋಪುಗಳು ಶುರುವಾಗುವ ಕಡೆ ಅವರ ಮನೆ. ಒಂದಿಷ್ಟು ಹಿಪ್ಪುನೇರಳೆ ತೋಟ, ಎರಡು ಹಸು, ಒಂದು ಹುಳುವಿನ ಕೋಣೆ. ಗಂಡ ತೋಟ ನೋಡಿಕೊಂಡರೆ ಹುಳು ಸಾಕುವುದು ಪೂರ್ತಿ ಇವರ ಪಾಲು. ನಾನು ಹಾಲಿನ ಸೊಸೈಟಿಯಲ್ಲಿ ಗುಮಾಸ್ತನಾಗಿದ್ದೆ. ದಿನಾ ಬೆಳಿಗ್ಗೆ ಕ್ಯಾನು ಹಿಡಿದು ಬರುತ್ತಿದ್ದ ಅವರನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಮನೆಮಾತು ತೆಲುಗು. ನಮ್ಮ ಕಡೆ ಅದೇನು ವಿಶೇಷವಲ್ಲ, ಎರಡು ಭಾಷೆಗಳೂ ಒಂದೇ ನಾಲಿಗೆಯ ಮೇಲೆ ಆರಾಮವಾಗಿ ಓಡಾಡಿಕೊಂಡಿರುತ್ತವೆ. ದೊಡ್ಡಮ್ಮನಿಗೆ ಸಿಟ್ಟು ಬಂದರೆ ತೆಲುಗು, ಇಳಿದರೆ ಕನ್ನಡ. ಆವತ್ತು ಯಾವ ಭಾಷೆ ನಡೆಯುತ್ತಿದೆ ಎಂದು ನೋಡಿಕೊಂಡೇ ನಾನು ಹಾಲು ತೆಳ್ಳಗಿರುವ ಮಾತು ಎತ್ತುತ್ತಿದ್ದೆ.

ಎಂಬತ್ತರ ದಶಕ ಆಗತಾನೇ ಶುರುವಾಗಿತ್ತು. ನಮ್ಮದೊಂದು ಆರ್ಕೆಸ್ಟ್ರಾ ಇತ್ತು. ಆರ್ಕೆಸ್ಟ್ರಾ ಎಂದು ನಾವು ಹೇಳಿಕೊಳ್ಳುತ್ತಿದ್ದೆವು ಅಷ್ಟೇ, ಇದ್ದವರು ಮೂರು ಜನ ಮತ್ತು ನಾನು. ಟೈಲರ್ ಗೆಳೆಯ ಹಾರ್ಮೋನಿಯಂ ನುಡಿಸಿಕೊಂಡು ಹಾಡುತ್ತಿದ್ದ. ಮಾವಿನ ಮಂಡಿಯಲ್ಲಿ ಕೆಲಸಕ್ಕಿದ್ದವನು ಡೋಲಕ್ ಬಾರಿಸುತ್ತಿದ್ದ. ಸೈಕಲ್ ಶಾಪಿನವನು ಬುಲ್‌ಬುಲ್ ತರಂಗ್ ನುಡಿಸುತ್ತಿದ್ದ. ನನಗೆ ಏನೂ ಬರುತ್ತಿರಲಿಲ್ಲ. ಭಾವ ಮದರಾಸಿನಿಂದ ತಂದುಕೊಟ್ಟ ಒಂದು ಟೇಪ್ ರೆಕಾರ್ಡರ್ ನನ್ನ ಹತ್ತಿರ ಇತ್ತು, ಅದಕ್ಕೇ ನನ್ನನ್ನು ಸೇರಿಸಿಕೊಂಡಿದ್ದರು. ಅವರು ಬಾಯಿಬಿಟ್ಟು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ವರ್ಷ ಮಾವು ಹೂಬಿಡುವ ಹೊತ್ತಿಗೆ ಟೈಲರ್ ಗೆಳೆಯನ ಅಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದರು. ಈ ಮದುವೆ ಕಾಲದಲ್ಲಿ ಒಬ್ಬರಾದರೂ ಕರೆಯದಿದ್ದರೆ ಹಾರ್ಮೋನಿಯಂ ಮಾರಿಬಿಡುವುದು, ಮಗ ಬಾಯಿ ಮುಚ್ಚಿಕೊಂಡು ಮಿಷನ್ ತುಳಿಯುವುದು. ಅಪ್ಪ ಮಾತಿಗೆ ತಪ್ಪುವ ಮನುಷ್ಯ ಅಲ್ಲ. ಗೆಳೆಯ ನಮ್ಮೆದುರು ನಕ್ಕ, ಆದರೆ ಆವತ್ತಿನಿಂದ ಹಾಡುವಾಗ ಅವನ ಮುಖ ನೋಡಲಾಗುತ್ತಿರಲಿಲ್ಲ. ಅದೇ ವಾರ ಒಂದು ದಾರಿ ಕಾಣಿಸಿತು. ಮುಳಬಾಗಿಲಿನಲ್ಲಿ ಬಸ್ ಇಟ್ಟಿದ್ದ ಸಾಹುಕಾರರೊಬ್ಬರ ಮಗಳ ಮದುವೆ. ಅವರ ಒಂದು ಬಸ್ಸು ನಮ್ಮೂರಿಗೂ ಕೋಲಾರಕ್ಕೂ ಓಡಾಡುತ್ತಿತ್ತು. ಆ ಬಸ್ಸಿನ ಏಜೆಂಟು ಬಂದು, "ಶುಕ್ರವಾರದೊಳಗೆ ನಿಮ್ದೊಂದು ಕ್ಯಾಸೆಟ್ ಕೊಡ್ರಪ್ಪ, ಸಾಹುಕಾರರು ಕೇಳಿ ಹೇಳ್ತಾರೆ. ತೆಲುಗು ಹಾಡು ಒಂದಾದ್ರೂ ಇರ್ಲಿ" ಎಂದ. ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಮೊದಲನೇ ಸಲ.

ರೆಕಾರ್ಡಿಂಗ್ ಎಂದರೆ ಕೆಂಪು ಗುಂಡಿ ಒತ್ತುವುದು ಎಂದು ನಾನು ತಿಳಿದಿದ್ದೆ. ನಮ್ಮ ಮನೆಯ ನಡುಕೋಣೆಯಲ್ಲಿ ಸ್ಟೂಲಿನ ಮೇಲೆ ಮೆಷಿನ್ ಇಟ್ಟು ಸುತ್ತಲೂ ಮೂವರನ್ನು ಕೂರಿಸಿ ಗುಂಡಿ ಒತ್ತಿದೆ. ತಿರುಗಿಸಿ ಕೇಳಿದರೆ ಡೋಲಕ್ ಒಂದೇ. ಡೋಲಕ್ಕಿನ ಸಂದಿಯಲ್ಲಿ ಲಾರಿ ಹಾರನ್ನು, ಅಡುಗೆಮನೆಯಲ್ಲಿ ಅಮ್ಮ ಒಗ್ಗರಣೆ ಹಾಕಿದ್ದು, ಎಲ್ಲೋ ದೂರದಲ್ಲಿ ಹಾಡಿನಂಥದ್ದು ಏನೋ ಒಂದು. ಆಮೇಲೆ ಸೈಕಲ್ ಶಾಪಿನವನು ಯಾರಿಂದಲೋ ಇನ್ನೊಂದು ಟೇಪ್ ರೆಕಾರ್ಡರ್ ಇಸಕೊಂಡು ಬಂದ. ಒಂದರಲ್ಲಿ ಡೋಲಕ್ಕು ಬುಲ್‌ಬುಲ್ ಹಿಡಿದು, ಅದನ್ನು ಹಚ್ಚಿ, ಅದರ ಜೊತೆಗೆ ಹಾಡಿಸಿ ಎರಡನೆಯದರಲ್ಲಿ ಹಿಡಿದರೆ ಎಲ್ಲ ಬೆರೆಯುತ್ತದೆ ಎಂದು ನನ್ನ ತಲೆಗೆ ಹೊಳೆದಿತ್ತು. ಬುದ್ಧಿವಂತಿಕೆ ಏನೋ ಸರಿಯೇ. ಆದರೆ ಒಂದು ಮೆಷಿನ್ ಇನ್ನೊಂದಕ್ಕಿಂತ ನಿಧಾನ ಓಡುತ್ತದೆ ಎಂಬುದು ಯಾರಿಗೆ ಗೊತ್ತಿತ್ತು? ಬುಲ್‌ಬುಲ್ ಒಂದು ಶ್ರುತಿಯಲ್ಲಿ, ಹಾರ್ಮೋನಿಯಂ ಇನ್ನೊಂದರಲ್ಲಿ. ನಮ್ಮ ಗೆಳೆಯ ಹೆಂಡ ಕುಡಿದು ಬಂದು ಹಾಡಿದ ಹಾಗಿತ್ತು.

ಸೋಮವಾರ ಬೆಳಿಗ್ಗೆ ಸೊಸೈಟಿಯಲ್ಲಿ ಆ ಮೊದಲನೇ ಟೇಪನ್ನೇ ಹಚ್ಚಿಕೊಂಡು ತಲೆ ಮೇಲೆ ಕೈ ಹೊತ್ತು ಕೂತಿದ್ದೆ. ದೊಡ್ಡಮ್ಮ ಬಂದರು.

"ಏಮಿರಾ ಇದಿ?"

ತೆಲುಗು. ಏನೋ ಇದು, ಎಂದು. ನಾನು ಆರಿಸಲು ಹೋದೆ. ಬೇಡ ಎಂದು ಕೈ ಅಡ್ಡ ಹಿಡಿದು, ಕ್ಯಾನು ಕೆಳಗಿಟ್ಟು, ಕಣ್ಣು ಮುಚ್ಚಿ ಕೇಳಿದರು. ಕಣ್ಣು ಬಿಟ್ಟಾಗ ಕನ್ನಡಕ್ಕೆ ಇಳಿದಿದ್ದರು.

"ಆ ಡೋಲು ಬಡಿಯೋನು ಬಾಗಿಲಿಗೆ ಅಡ್ಡ ನಿಂತವ್ನೆ ಕಣೋ. ಹಾಡೋ ಹುಡ್ಗ ಒಳಗೆ ಸಿಕ್ಕಾಕ್ಕೊಂಡವ್ನೆ. ಪಾಪ, ಚೆನ್ನಾಗಿ ಹಾಡ್ತಾನೆ, ಹೊರಗೆ ಬರಕ್ಕೆ ದಾರಿ ಇಲ್ಲ ಅವನಿಗೆ."

ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ಎರಡು ದಿನದಿಂದ ನನಗೆ ಏನು ತಪ್ಪಾಗಿದೆ ಎಂದು ಹೇಳಲು ಮಾತೇ ಸಿಕ್ಕಿರಲಿಲ್ಲ, ಇವರು ಹಾಲಿನ ಕ್ಯಾನು ಇಟ್ಟಷ್ಟು ಹೊತ್ತಿನಲ್ಲಿ ಹೇಳಿಬಿಟ್ಟರು. ಹಾರ್ಮೋನಿಯಂ ಮಾರುವ ವಿಷಯವನ್ನೂ ಶುಕ್ರವಾರದ ಗಡುವನ್ನೂ ಹೇಳಿಕೊಂಡೆ. ಅವರು ಬೆರಳು ಮಡಿಸಿ ಏನೋ ಲೆಕ್ಕ ಹಾಕಿದರು.

"ಬುಧವಾರ ಹುಳ ನಾಲ್ಕನೇ ಜ್ವರಕ್ಕೆ ಕೂರ್ತವೆ. ಆವತ್ತೊಂದಿನ ನಂಗೆ ಕೈ ಬಿಡುವು, ಪಡಸಾಲೇನೂ ಖಾಲಿ. ಮನೇಗೆ ಬನ್ನಿ. ಗುರುವಾರ ಎದ್ಬಿಟ್ರೆ ಆಮೇಲೆ ಒಂದು ವಾರ ಗಂಡನ್ನೂ ಮಾತಾಡ್ಸಕ್ಕಾಗಲ್ಲ ನಂಗೆ, ನಿಮ್ಮನ್ನೆಲ್ಲಿ ಮಾತಾಡ್ಸಲಿ?"

ಜ್ವರ ಎಂದರೆ ಕಾಯಿಲೆಯಲ್ಲ. ರೇಷ್ಮೆಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಆಗ ಮೇವು ಬಿಟ್ಟು, ತಲೆ ಎತ್ತಿಕೊಂಡು, ಒಂದು ಹಗಲು ಒಂದು ರಾತ್ರಿ ಅಲ್ಲಾಡದೆ ಇರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೆಯದು ಮುಗಿಸಿ ಎದ್ದ ಹುಳುವಿಗೆ ಎಲ್ಲಿಲ್ಲದ ಹಸಿವು. ಆ ವಾರ ಸಾಕುವವರು ಊಟ ನಿದ್ದೆ ಬಿಟ್ಟು ಸೊಪ್ಪು ಕೊಯ್ದು ಕೊಯ್ದು ಹಾಕಬೇಕು. ಕೋಣೆಯೆಲ್ಲ ಸೋನೆಮಳೆ ಹಿಡಿದಂಥ ಸದ್ದು ತುಂಬಿಕೊಳ್ಳುತ್ತದೆ. ದೊಡ್ಡಮ್ಮ ಪಡಸಾಲೆಯಲ್ಲಿ ಕೂತು ಆ ಸದ್ದು ಕೇಳುತ್ತಲೇ, ಕೆಳಗಿನ ಸಾಲಿನ ಕೊನೇ ತಟ್ಟೆಯಲ್ಲಿ ಸೊಪ್ಪು ಮುಗಿಯಿತು ಎಂದು ಎದ್ದು ಹೋಗುತ್ತಿದ್ದರಂತೆ. ಹೋಗಿ ನೋಡಿದರೆ ಅದೇ ತಟ್ಟೆ ಬರಿದಾಗಿರುತ್ತಿತ್ತಂತೆ. ಇದನ್ನು ಅವರ ಗಂಡ ನನಗೆ ಹೇಳಿದ್ದು, ಸ್ವಲ್ಪ ಹೆದರಿಕೊಂಡೇ ಹೇಳಿದರು.

ಬುಧವಾರ ಮಧ್ಯಾಹ್ನ ನಾವು ನಾಲ್ವರೂ ಹೋದೆವು. ಹುಳು ಇರುವ ಮನೆಗೆ ಹೊರಗಿನವರನ್ನು ಬಿಟ್ಟುಕೊಳ್ಳುವುದಿಲ್ಲ, ಅದೂ ಜ್ವರದ ದಿನ ನೆರಳೂ ಬೀಳಬಾರದು ಎನ್ನುತ್ತಾರೆ. ಅವರ ಅರ್ಧ ವರ್ಷದ ಬದುಕು ಆ ತಟ್ಟೆಗಳಲ್ಲಿ ಮಲಗಿತ್ತು. ಅಂಥದ್ದರಲ್ಲಿ ಡೋಲಕ್ಕಿನವನನ್ನು ಮನೆಗೆ ಕರೆದಿದ್ದರು! ಅಂಗಳದಲ್ಲೇ ನಮ್ಮನ್ನು ನಿಲ್ಲಿಸಿ ಕೈಕಾಲು ತೊಳೆಸಿದರು. ಬೀಡಿ ಕಟ್ಟು ಕಲ್ಲಿನ ಕೆಳಗೆ ಹೋಯಿತು. ಬುಲ್‌ಬುಲ್ಲಿನವನು ಸಿನಿಮಾದವರ ಹಾಗೆ ಪೌಡರ್ ಬಳಿದು ವಾಸನೆ ಎಣ್ಣೆ ಹಚ್ಚಿಕೊಂಡು ಬಂದಿದ್ದ. ಅವನ ಸುತ್ತ ಒಂದು ಸುತ್ತು ಬಂದು, "ಏಮಿರಾ, ಪೆಳ್ಳಿಕೊಡುಕಾ?" ಎಂದರು. ಮದುಮಗನೇನೋ ನೀನು, ಎಂದು. ಹುಳುವಿಗೆ ಆ ವಾಸನೆ ಆಗದು ಎಂದು ತೊಟ್ಟಿಯ ಹತ್ತಿರ ಕೂರಿಸಿ ಸೀಗೆಪುಡಿ ಹಾಕಿ ತಲೆ ಉಜ್ಜಿಸಿದರು. ರೆಕಾರ್ಡಿಂಗ್ ಮುಗಿಯುವವರೆಗೂ ಅವನ ಕೂದಲಿಂದ ನೀರು ಬುಲ್‌ಬುಲ್ಲಿನ ಮೇಲೆ ತೊಟ್ಟಿಕ್ಕುತ್ತಲೇ ಇತ್ತು.

ಪಡಸಾಲೆ ಸಗಣಿ ಸಾರಿಸಿದ ನೆಲ, ಮಣ್ಣಿನ ಗೋಡೆ. ಹುಳುವಿನ ಕೋಣೆಯ ಬಾಗಿಲಿಗೆ ಗೋಣಿ ತಟ್ಟು ಕಟ್ಟಿದ್ದರು. ಗೂಡು ಕಟ್ಟಲು ಹುಳುಗಳನ್ನು ಬಿಡುವ, ಚಾಪೆಯಂಥ ಬಿದಿರಿನ ದೊಡ್ಡ ದೊಡ್ಡ ಚಂದ್ರಿಕೆಗಳು ಇನ್ನೂ ಕೆಲಸಕ್ಕೆ ಬರದೆ ಗೋಡೆಗೆ ಒರಗಿದ್ದವು. ನಾನು ಮೆಷಿನ್ ನಡುವೆ ಇಟ್ಟೆ. ದೊಡ್ಡಮ್ಮ ಅದರ ಪಕ್ಕ ಕೂತು, ಕಣ್ಣು ಮುಚ್ಚಿ, "ಊಂ, ಬಡೀರಿ" ಎಂದರು.

ನಾಲ್ಕು ಪೆಟ್ಟು ಬೀಳುವುದರೊಳಗೆ ಕೈ ಎತ್ತಿದರು. "ಡೋಲು, ನೀನು ಜಗಲಿಗೆ ಹೋಗು." ಅವನು ಜಗಲಿಗೆ ಹೋದ. ಮತ್ತೆ ನಾಲ್ಕು ಪೆಟ್ಟು. "ಇನ್ನೂ ಹಿಂದೆ." ಅಂಗಳ. "ಇನ್ನೂ." ಹೀಗೆ ಹಿಂದೆ ಹಿಂದೆ ಹೋಗಿ ಅವನು ದನದ ಕೊಟ್ಟಿಗೆಯ ಬಾಗಿಲಲ್ಲಿ ಕೂತ. ಅಲ್ಲಿಂದಲೇ ಕೂಗಿದ, "ದೊಡ್ಡಮ್ಮ, ನಾನು ಆರ್ಕೆಸ್ಟ್ರಾದಲ್ಲಿ ಇದೀನಾ, ಹಸು ಮೇಯಿಸ್ತಾ ಇದೀನಾ?"

"ಅಲ್ಲೇ ಕೂತ್ಕೋ ನಾಯ್ನಾ. ಹಸು ಏನೂ ಅನ್ನಲ್ಲ, ನಾನೇ ಅನ್ನೋದು."

ಹಾಡುವವನನ್ನು ಮೆಷಿನ್ನಿಗೆ ಒಂದು ಮೊಳ ದೂರದಲ್ಲಿ ಕೂರಿಸಿದರು. ಅವನ ಹಿಂದೆ ಎರಡು ಚಂದ್ರಿಕೆ ನಿಲ್ಲಿಸಿದರು. ಯಾಕೆ ಎಂದು ಕೇಳಿದೆ. "ಗೋಡೆ ಮಾತಾಡ್ತಾ ಇದೆ ಕಣಪ್ಪ, ಅದರ ಬಾಯಿ ಮುಚ್ಚಬೇಕು" ಎಂದರು. ನಿಜ ಹೇಳುತ್ತೇನೆ, ಆಮೇಲೆ ನಲವತ್ತು ವರ್ಷ ನಾನು ಇದೇ ಕಸುಬು ಮಾಡಿದ್ದೇನೆ, ಸದ್ದು ಗೋಡೆಗೆ ಬಡಿದು ವಾಪಸು ಬರುವುದನ್ನು ಇಷ್ಟು ಚೆನ್ನಾಗಿ ಹೇಳಿದವರನ್ನು ಕಂಡಿಲ್ಲ. ಹಾರ್ಮೋನಿಯಂ ಹಾಡುವವನ ಕೈಯಲ್ಲೇ ಇರಬೇಕು, ಆದರೆ ಅದರ ಸದ್ದು ಗಂಟಲನ್ನು ನುಂಗುತ್ತಿತ್ತು. ಅದಕ್ಕೆ ಒಂದು ಹಳೇ ಕಂಬಳಿ ಹೊದಿಸಿದರು. ಬುಲ್‌ಬುಲ್ ಕಿಟಕಿಯ ಹತ್ತಿರ ಹೋಯಿತು. ಜಾಗ ಸರಿ ಎನಿಸಿದ ಕಡೆಯೆಲ್ಲ ಸುಣ್ಣದ ಪುಡಿಯಿಂದ ಒಂದೊಂದು ಗೆರೆ ಎಳೆದು, "ಇದು ದಾಟಿದ್ರೆ ಕಾಲು ಮುರೀತೀನಿ" ಎಂದರು.

ಒಂದೇ ತೊಂದರೆ ಉಳಿಯಿತು. ಕೊಟ್ಟಿಗೆಯಲ್ಲಿ ಕೂತವನಿಗೆ ಹಾಡು ಸರಿಯಾಗಿ ಕೇಳುತ್ತಿರಲಿಲ್ಲ, ತಾಳ ಹಿಂದೆ ಬೀಳುತ್ತಿತ್ತು. ದೊಡ್ಡಮ್ಮ ನನ್ನ ಕಡೆ ತಿರುಗಿ, "ನೀನೇನು ಸುಮ್ನೆ ನಿಂತಿದೀಯ? ಬಾಗಿಲಲ್ಲಿ ನಿಂತ್ಕೊಂಡು ಕೈ ಆಡ್ಸು. ಒಳಗಿಂದು ಹೊರಗೆ ಹೇಳು" ಎಂದರು. ನಾನು ಹೊಸ್ತಿಲ ಮೇಲೆ ನಿಂತೆ. ಒಂದು ಕಿವಿ ಗೆಳೆಯನ ಹಾಡಿಗೆ ಕೊಟ್ಟು, ಕೈಯಿಂದ ಅಂಗಳದಾಚೆಗೆ ತಾಳ ಕೊಡುತ್ತಾ ಹೋದೆ. ಮಂಡಿಯವನು ನನ್ನ ಕೈ ನೋಡಿಕೊಂಡು ಬಾರಿಸಿದ. ಆ ಸಂತೋಷ ಹೇಗಿತ್ತು ಎಂದು ಹೇಳಲು ಬರುವುದಿಲ್ಲ… ಏನೂ ಬಾರದವನು ನಾನು, ನನ್ನ ಕೈ ಆಡದಿದ್ದರೆ ಹಾಡೇ ಇರಲಿಲ್ಲ.

ನಾಲ್ಕು ಸಲ ಕೆಟ್ಟಿತು. ಒಂದು ಸಲ ಹಸು ಅಂಬಾ ಎಂದಿತು. ಒಂದು ಸಲ ತೆಲುಗು ಹಾಡಿನ ಚರಣ ಗೆಳೆಯನಿಗೆ ಮರೆತು ದೊಡ್ಡಮ್ಮನೇ ಬೈದು ಹೇಳಿಕೊಟ್ಟರು, ಅವರ ಬೈಗುಳವೂ ಟೇಪಿನಲ್ಲಿ ಸೇರಿತು. ಐದನೇ ಸಲಕ್ಕೆ ಬ್ಯಾಟರಿ ಸೋತು ಮೆಷಿನ್ ಎಳೆಯತೊಡಗಿತು. ಹೊಸ ಸೆಲ್ ತರಲು ಊರೊಳಗೆ ಹೋಗಬೇಕು, ಆ ಹೊತ್ತಿಗೆ ಹಸು ಕರೆಯುವ ಸಮಯ. ದೊಡ್ಡಮ್ಮ ಗೋಡೆಯ ಗೂಡಿನಲ್ಲಿದ್ದ ಟಾರ್ಚು ತಂದು ಅದರ ಸೆಲ್ಲುಗಳನ್ನು ನನ್ನ ಕೈಗೆ ಸುರಿದರು. ರಾತ್ರಿ ಹುಳು ನೋಡಲು ಅವರಿಗಿದ್ದದ್ದು ಅದೊಂದೇ ಟಾರ್ಚು. ನಾನು ಬೇಡ ಎನ್ನಬೇಕಿತ್ತು, ಎನ್ನಲಿಲ್ಲ.

ಆ ಸೆಲ್ಲುಗಳ ಮೇಲೆ ಐದನೆಯದು ಸರಿಯಾಗಿ ಬಂತು. ತಿರುಗಿಸಿ ಹಚ್ಚಿದೆ. ಗೆಳೆಯನ ದನಿ ಮುಂದೆ ಬಂದು ಕೂತಿತ್ತು. ಅದರ ಕೆಳಗೆ ಹಾರ್ಮೋನಿಯಂ, ಪಕ್ಕದಲ್ಲಿ ಬುಲ್‌ಬುಲ್, ಎಲ್ಲದರ ಹಿಂದೆ ಡೋಲಕ್ಕು ನಡೆದುಕೊಂಡು ಬರುತ್ತಿತ್ತು. ಗೆಳೆಯ ತನ್ನ ದನಿ ತಾನೇ ಮೊದಲ ಸಲ ಸ್ಪಷ್ಟವಾಗಿ ಕೇಳಿ ಮುಖ ತಿರುಗಿಸಿಕೊಂಡ. ದೊಡ್ಡಮ್ಮ ಮಾತ್ರ, "ಈಗ ಮನುಷ್ಯರು ಹಾಡಿದಂಗಿದೆ" ಎಂದು ಎದ್ದು ಹಾಲಿನ ಚೆಂಬು ತೆಗೆದುಕೊಂಡು ಕೊಟ್ಟಿಗೆಗೆ ಹೊರಟರು. ಅರ್ಧ ಕೇಳುವಷ್ಟರಲ್ಲಿ ಬ್ಯಾಟರಿ ಮತ್ತೆ ಸೋತಿತು. ಅವರು ಕೇಳಿದ್ದು ಅಷ್ಟೇ.

ಮಾರನೇ ದಿನ ಬೆಳಿಗ್ಗೆಯೇ ಏಜೆಂಟನ ಕೈಗೆ ಕ್ಯಾಸೆಟ್ ಕೊಟ್ಟುಬಿಟ್ಟೆ. ಇದ್ದದ್ದು ಅದೊಂದೇ. ಇನ್ನೊಂದು ಪ್ರತಿ ಮಾಡಿಟ್ಟುಕೊಳ್ಳಬೇಕು ಎಂಬುದು ನನ್ನ ತಲೆಯ ಹತ್ತಿರವೂ ಸುಳಿಯಲಿಲ್ಲ. ಶನಿವಾರ ಸಾಹುಕಾರರಿಂದ ಸರಿ ಎಂದು ಮಾತು ಬಂತು. ಟೈಲರ್ ಅಂಗಡಿಯಲ್ಲಿ ಅವನ ಅಪ್ಪ ನಮಗೆಲ್ಲ ಟೀ ತರಿಸಿಕೊಟ್ಟರು. ಹಾರ್ಮೋನಿಯಂ ಉಳಿಯಿತು.

ದೊಡ್ಡಮ್ಮನ ವಿಷಯಕ್ಕೆ ನಾವು ಇನ್ನೂ ಹತ್ತು ದಿನ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆವು. ಬೆಳೆ ಕೆಟ್ಟರೆ ನಮ್ಮಿಂದಲೇ ಎಂದು ಊರು ಹೇಳುತ್ತದೆ, ಅವರ ಗಂಡ ಬಾಯಲ್ಲಿ ಹೇಳದಿದ್ದರೂ ಹಾಗೆಯೇ ನೋಡುತ್ತಾರೆ. ಹಾಗೇನೂ ಆಗಲಿಲ್ಲ. ಗೂಡು ಗಟ್ಟಿಯಾಗಿ ಬಂದವು. "ಹಾಡು ಕೇಳಿದ ಹುಳ ಕಣೋ" ಎಂದು ಸೊಸೈಟಿಯಲ್ಲಿ ಎಲ್ಲರೆದುರು ನನ್ನ ಬೆನ್ನಿಗೆ ಗುದ್ದಿದರು. ಆಮೇಲೆ, "ಎಲ್ಲಿ, ಹಾಕು ಅದನ್ನ. ಈಗ ಕೂತು ಕೇಳ್ತೀನಿ, ಬಿಡುವಾಗಿದೀನಿ" ಎಂದರು.

ಕೊಟ್ಟುಬಿಟ್ಟೆ ಎಂದೆ. ಇನ್ನೊಂದಿಲ್ಲವೇ ಎಂದರು. ಇಲ್ಲ ಎಂದೆ.

"ಬಿತ್ತನೆಗೂ ಇಟ್ಕೊಳ್ದೆ ಎಲ್ಲಾ ಕೊಟ್ಬಿಟ್ಯಾ?"

ಬೈಯಲಿಲ್ಲ. ಕನ್ನಡದಲ್ಲೇ ಹೇಳಿದರು. ಮದುವೆ ದಿನ ಕ್ಯಾಸೆಟ್ ವಾಪಸು ಕೇಳಿದಾಗ, ಸಾಹುಕಾರರ ಕಡೆಯವರು ಅದನ್ನು ಕೋಲಾರದ ಬಸ್ಸಿಗೆ ಹಾಕಿದ್ದೇವೆ, ಡ್ರೈವರ್‌ಗೆ ಇಷ್ಟವಾಗಿದೆ ಎಂದು ನಕ್ಕರು. ನಾವು ಹಿಗ್ಗಿ ಹೀರೇಕಾಯಿಯಾದೆವು. ಆ ಬಸ್ಸು ಹತ್ತಿದಾಗಲೆಲ್ಲ ನಾನು ಮುಂದೆ ಹೋಗಿ ಡ್ರೈವರ್ ಹಿಂದಿನ ಸ್ಪೀಕರ್ ಕೆಳಗೇ ನಿಲ್ಲುತ್ತಿದ್ದೆ. ಇದು ನಾನು ಹಿಡಿದದ್ದು ಎಂದು ಪಕ್ಕದವರಿಗೆ ಹೇಳುತ್ತಿದ್ದೆ. ಎಷ್ಟು ಜನಕ್ಕೆ ಹೇಳಿದೆನೋ, ಎಲ್ಲರಿಗೂ ನಾನು ಹಿಡಿದದ್ದು ಎಂದೇ ಹೇಳಿದೆ.

ವರ್ಷವಾದ ಮೇಲೆ ಒಂದು ಬೆಳಿಗ್ಗೆ ದೊಡ್ಡಮ್ಮ ಹಾಲು ಅಳೆಸುತ್ತಾ ಇದ್ದಕ್ಕಿದ್ದಂತೆ, "ನಿಮ್ ಡೋಲು ಇನ್ನೂ ಎರಡು ಮೊಳ ಹಿಂದೆ ಹೋಗ್ಬೇಕಿತ್ತು ಕಣಪ್ಪ" ಎಂದರು. ಎಂಥ ನೆನಪು ಇವರದು ಎಂದುಕೊಂಡೆ. ಅರ್ಧ ಹಾಡು ಕೇಳಿ ವರ್ಷವಿಡೀ ಇಟ್ಟುಕೊಂಡಿದ್ದಾರಲ್ಲ ಎಂದು.

ಆರ್ಕೆಸ್ಟ್ರಾ ಐದಾರು ವರ್ಷ ನಡೆಯಿತು. ಜಗಳವಾಗಿ ನಿಂತದ್ದಲ್ಲ, ಒಬ್ಬೊಬ್ಬರಿಗೆ ಮದುವೆ ಮಕ್ಕಳಾಗಿ ತಾನಾಗಿ ನಿಂತಿತು. ನಾನು ಗುಮಾಸ್ತಿಕೆ ಬಿಟ್ಟು ಕೋಲಾರದಲ್ಲಿ ಮೈಕ್‌ಸೆಟ್ ಅಂಗಡಿ ಇಟ್ಟೆ. ಶ್ರೀನಿವಾಸಪುರಕ್ಕೆ ಹೋಗುವುದು ಕಡಿಮೆಯಾಯಿತು… ದೊಡ್ಡಮ್ಮ ಹೋದ ಸುದ್ದಿ ನನಗೆ ತಡವಾಗಿ ತಿಳಿಯಿತು. ತಿಥಿಗೆ ಹೋದೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತವನು ಆ ಬಸ್ಸಿನ ಹಳೇ ಕಂಡಕ್ಟರ್. ಅದೇ ಊರಿನವನು.

"ಗೂಡು ತಗೊಂಡು ಕೋಲಾರದ ಮಾರ್ಕೆಟ್ಟಿಗೆ ಹೋಗೋವಾಗ ನಮ್ ಬಸ್ಸಿಗೇ ಕಾಯ್ತಿದ್ರು ಸಾರ್" ಎಂದ. "ಬೇರೆ ಬಸ್ ಮುಂದೆ ನಿಂತಿದ್ರೂ ಹತ್ತಲ್ಲ. ಹತ್ತಿದ ತಕ್ಷಣ, ಆ ಹುಡುಗ್ರ ಕ್ಯಾಸೆಟ್ ಹಾಕಪ್ಪ ಅನ್ನೋರು. ಹಾಕಿದ್ರೆ ಒಂದ್ಕಡೆ ಕೂರ್ತಿರ್ಲಿಲ್ಲ. ಒಂದ್ಸಲ ಹಿಂದೆ, ಒಂದ್ಸಲ ಮುಂದೆ, ಒಂದ್ಸಲ ಡ್ರೈವರ್ ಪಕ್ಕ ಇಂಜಿನ್ ಮೇಲೆ. ಯಾಕಮ್ಮ ಬಿಸಿ ತಗಲಲ್ವಾ ಅಂದ್ರೆ, ಸುಮ್ನಿರೋ, ಕೇಳ್ತಾ ಇದೀನಿ ಅನ್ನೋರು. ಎಷ್ಟೋ ತಿಂಗ್ಳು ಹಿಂಗೇ ಮಾಡಿ, ಕೊನೆಗೆ ಎಡಗಡೆ ಮೂರನೇ ಸಾಲು, ಕಿಟಕಿ ಪಕ್ಕದ ಸೀಟು ಹಿಡಿದ್ರು. ಇಲ್ಲಿ ಎಲ್ಲಾ ಸರಿಯಾಗಿ ಸೇರ್ತದೆ ಅಂತ. ಆಮೇಲೆ ಯಾವಾಗ್ಲೂ ಅದೇ. ಯಾರಾದ್ರೂ ಕೂತಿದ್ರೆ ಎಬ್ಬಿಸಿಬಿಡೋರು."

ಎಲೆಯ ಮೇಲೆ ಪಾಯಸ ಬಡಿಸಿ ಹೋದರು. ನಾನು ಅದನ್ನು ಬೆರಳಿಂದ ಎಲೆಯ ಅಂಚಿಗೆ ಸರಿಸುತ್ತಾ ಕೂತೆ, ಆದರೂ ಎಲ್ಲೋ ನಗು ಬರುತ್ತಿತ್ತು. ಇಂಜಿನ್ ಮೇಲೆ ಕಣ್ಣು ಮುಚ್ಚಿ ಕೂತ ದೊಡ್ಡಮ್ಮ, ತೊಡೆಯ ಮೇಲೆ ಗೂಡಿನ ಮೂಟೆ…

ಆ ಕ್ಯಾಸೆಟ್ ಬಸ್ಸಿನಲ್ಲೇ ಸವೆದು ಹರಿದು ಹೋಯಿತಂತೆ. ಬಸ್ಸನ್ನೂ ಯಾವಾಗಲೋ ಗುಜರಿಗೆ ಹಾಕಿದರು. ಟೈಲರ್ ಗೆಳೆಯ ಈಗಲೂ ಸಿಕ್ಕಾಗ ಆ ಹಾಡು ಹೇಗಿತ್ತು ಎಂದು ಕೇಳುತ್ತಾನೆ, ಅವನಿಗೆ ನೆನಪಿಲ್ಲ. ಚೆನ್ನಾಗಿತ್ತು ಎನ್ನುತ್ತೇನೆ. ನನಗೂ ಅಷ್ಟೇ ಗೊತ್ತಿರುವುದು. ಆ ಬಸ್ಸಿನಲ್ಲಿ ನೂರು ಸಲವಾದರೂ ಓಡಾಡಿದ್ದೇನೆ. ಎಡಗಡೆ ಮೂರನೇ ಸಾಲಿನ ಕಿಟಕಿ ಪಕ್ಕ ಒಂದು ಸಲವೂ ಕೂರಲಿಲ್ಲ.